ಅಜ್ಜಿಯ ಎಡಗಿವಿ

ಅಜ್ಜಿ ಯಾವುದನ್ನೂ ಮೂರು ಮಾತಿನಲ್ಲಿ ಮುಗಿಸಿದವಳಲ್ಲ. ಹಾಗಾಗಿ ಅಕ್ಕ ಫೋನಿನಲ್ಲಿ "ಒಳ್ಳೇದಾಯ್ತು, ಇದ್ದು ಓದಲಿ ಅಂದ್ಲು" ಎಂದಾಗ ತಂಗಿ ಮೂಗಿ ನಂಬಲಿಲ್ಲ.

"ಅಷ್ಟೇನಾ?"

"ಅಷ್ಟೇ. ಇನ್ನೇನು ಭಾಷಣ ಮಾಡ್ಬೇಕಿತ್ತಾ?"

"ಅಜ್ಜಿ ಭಾಷಣ ಮಾಡ್ತಾಳೆ. ನೆಗಡಿ ಆದ್ರೂ ಮಾಡ್ತಾಳೆ."

"ಈಗ ಮಾಡ್ಲಿಲ್ಲ. ಖುಷಿಯಾಗಿದ್ದಾಳೆ ಕಣೇ. ನೀನು ಸುಮ್ನೆ ಹೂಂ ಅಂದ್ಬಿಡು ಆ ಪ್ರೊಫೆಸರಿಗೆ. ಇಂಥಾ ಅವಕಾಶ ಮನೆ ಬಾಗಿಲಿಗೆ ಬಂದಿರೋವಾಗ ಯಾರಾದ್ರೂ ಕದ ಹಾಕ್ಕೊಳ್ತಾರಾ?"

ಮೂಗಿ ಹೊರದೇಶದ ಆ ವಿಶ್ವವಿದ್ಯಾಲಯಕ್ಕೆ ಬಂದಿದ್ದು ಒಂದು ವರ್ಷದ ಮಟ್ಟಿಗೆ. ಇಲ್ಲಿಯ ಒಬ್ಬ ವಿದ್ಯಾರ್ಥಿ ಅವಳ ಕಾಲೇಜಿಗೆ ಹೋದ, ಅವಳು ಇಲ್ಲಿಗೆ ಬಂದಳು. ಕೊಟ್ಟು ತರುವ ಸೊಸೆಯರ ಹಾಗೆ, ಎಂದಿದ್ದ ಭಾವ. ಕಿವಿ ಕೇಳಿಸದವರ ಯಂತ್ರಕ್ಕೆ ಅಚ್ಚು ಮಾಡುವ ವಿಭಾಗ ಅವಳದು. ಯಂತ್ರ ಕಿವಿಯ ಹಿಂದೆ ಕೂರುತ್ತದೆ; ಅದರ ಸದ್ದನ್ನು ಕೊಳವೆಯ ಮೂಲಕ ಕಿವಿಯೊಳಗೆ ಮುಟ್ಟಿಸುವ ತುಂಡೇ ಅಚ್ಚು. ಅದು ಆಯಾ ಕಿವಿಯ ತಿರುವಿಗೆ ತಕ್ಕಂತೆ ಬಿಗಿಯಾಗಿ ಕೂರಬೇಕು. ಎಲ್ಲಾದರೂ ಸಂದು ಬಿಟ್ಟರೆ ಸದ್ದು ಹೊರಗೆ ಸೋರಿ, ತಿರುಗಿ ಯಂತ್ರಕ್ಕೇ ಹೊಕ್ಕು ಕುಯ್ಯೋ ಎಂದು ಕಿರುಚುತ್ತದೆ.

ವರ್ಷ ಮುಗಿಯುತ್ತ ಬಂದಿತ್ತು. ಅವಳ ಕೈಕೆಲಸ ನೋಡಿದ ಪ್ರೊಫೆಸರು, ಇನ್ನೊಂದು ವರ್ಷ ಇದ್ದು ಪದವಿಯನ್ನು ಇಲ್ಲೇ ಮುಗಿಸು, ಖರ್ಚೆಲ್ಲ ವಿಭಾಗದ್ದು ಎಂದಿದ್ದಳು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಮೂಗಿ ಉತ್ತರ ಹೇಳುವ ಮೊದಲು ಅಜ್ಜಿಯನ್ನು ಕೇಳಬೇಕು ಎಂದುಕೊಂಡಳು. ಅಕ್ಕನ ಮೂಲಕ ಅಲ್ಲ, ನೇರವಾಗಿ. ತೊಂದರೆ ಏನೆಂದರೆ ಅಜ್ಜಿಗೆ ಫೋನು ಕೇಳಿಸುತ್ತಿರಲಿಲ್ಲ.

ಅಜ್ಜಿಯದು ಹಿಟ್ಟಿನ ಗಿರಣಿ. ತಾತ ಸತ್ತ ಮೇಲೆ ಅದನ್ನು ಒಬ್ಬಳೇ ನಡೆಸಿದಳು. ಬೆಲ್ಟು ತಿರುಗಲು ಶುರುವಾದರೆ ಗೋಡೆಗೆ ಒರಗಿಸಿಟ್ಟ ಜರಡಿಗಳು ತಾವಾಗಿಯೇ ನಡುಗುತ್ತಿದ್ದವು. ಆ ಗದ್ದಲದ ಮೇಲೆ ಕೂಗಿ ಕೂಗಿ ಅಜ್ಜಿಯ ಗಂಟಲು ಗಟ್ಟಿಯಾಯಿತು. ಕಿವಿಯನ್ನು ಮಾತ್ರ ಗಿರಣಿ ಕಾಳಿನ ಜೊತೆಗೆ ಬೀಸಿಹಾಕಿತು. ತಾಯಿ ಇಲ್ಲದ ಇಬ್ಬರು ಮೊಮ್ಮಕ್ಕಳು ಅಲ್ಲೇ ಹಿಂದಿನ ಎರಡು ಕೋಣೆಗಳಲ್ಲಿ ಬೆಳೆದರು. ದೊಡ್ಡವಳು ಅಜ್ಜಿಯ ಹಾಗೆ ಕೂಗುವುದನ್ನು ಕಲಿತಳು. ಚಿಕ್ಕವಳಿಗೆ ಆ ಕಷ್ಟ ಬೇಕಾಗಲಿಲ್ಲ. ಚೀಲಗಳ ಮೇಲೆ ಕುಳಿತು ಬರೀ ತುಟಿ ಅಲುಗಿಸಿದರೆ ಸಾಕು, ಕೋಣೆಯ ಆ ತುದಿಯಿಂದ ಅಜ್ಜಿ ಓದಿಕೊಂಡು ಉತ್ತರ ಕೊಡುತ್ತಿದ್ದಳು. ಹೊಟ್ಟೆ ನೋವು ಅಂದರೂ ತಿಳಿಯಿತು, ಲೆಕ್ಕದಲ್ಲಿ ಫೇಲು ಅಂದರೂ ತಿಳಿಯಿತು. ದನಿ ತೆಗೆಯದ ಹುಡುಗಿಯನ್ನು ಕಂಡು ಹಿಟ್ಟು ಬೀಸಿಸಲು ಬಂದವರು "ಪಾಪ, ಮೂಗಿ" ಎಂದರು. ಹೆಸರು ಅಂಟಿಕೊಂಡಿತು.

ಫೋನಿನಲ್ಲಿ ಆ ತುಟಿಯಾಟ ನಡೆಯಲಿಲ್ಲ. ವಿಡಿಯೋ ಮಾಡಿದರೆ ಅಂಗೈಯಗಲದ ಪರದೆಯಲ್ಲಿ ಮುಖ ಇಷ್ಟಗಲ, ತುಟಿ ಇಷ್ಟೇ ಇಷ್ಟು. ಅದೂ ನಡುನಡುವೆ ನಿಂತುಬಿಡುವುದು. ಅಜ್ಜಿ ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇದೇನೇ ಇದು, ತೊಟ್ಟಿ ಮೀನು ಬಾಯಿ ಬಿಟ್ಟ ಹಾಗೆ ಬಿಡ್ತಿದ್ದೀಯ! ನಂಗೊಂದೂ ತಿಳೀಲ್ಲ. ನೀನು ನನ್ನ ಕೇಳಿಸ್ಕೋ, ಸಾಕು" ಎಂದು ತನ್ನ ಪಾಡಿಗೆ ತಾನು ಶುರು ಮಾಡುತ್ತಿದ್ದಳು. ಅಷ್ಟರಲ್ಲಿ ಯಾರೋ ಬೀಸಿಸಲು ಬರುತ್ತಿದ್ದರು. ಅಕ್ಕ ಫೋನು ಕಸಿದುಕೊಳ್ಳುತ್ತಿದ್ದಳು. ಆಮೇಲೆ "ಅಜ್ಜಿ ಹೀಗಂದ್ಲು", "ಅಜ್ಜಿ ಹಾಗಂದ್ಲು". ಅಕ್ಕನ ಬಾಯಲ್ಲಿ ಬಂದ ಅಜ್ಜಿ ಬಹಳ ಸಭ್ಯಳಾಗಿರುತ್ತಿದ್ದಳು. ಅದೇ ಮೂಗಿಗೆ ಅನುಮಾನ.

ಇಲ್ಲಿ ಅವಳ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು. ಮಂಚ, ಮೇಜು, ಬಟ್ಟೆ ಒಣಗಿಸಲು ಕೋಣೆ ಬೆಚ್ಚಗಿಡುವ ಗೋಡೆಯ ಬಿಸಿ ಕೊಳವೆ. ಕಿಟಕಿಯಿಂದ ಎದುರು ಕಟ್ಟಡದ ಮೆಟ್ಟಿಲುಗಳು ಕಾಣುತ್ತಿದ್ದವು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಬಸ್ಸಿನಲ್ಲಿ ಮೌನ. ಅಂಗಡಿಯಲ್ಲಿ ಮೌನ. ಹಂಚಿಕೊಂಡ ಅಡುಗೆಮನೆಯಲ್ಲಿ ಪಕ್ಕದ ಕೋಣೆಯವಳು ನಗುತ್ತಿದ್ದಳು, ತನ್ನ ಪಾತ್ರೆ ತೊಳೆಯುತ್ತಿದ್ದಳು, ಹೋಗುತ್ತಿದ್ದಳು. ಬಂದ ಹೊಸದರಲ್ಲಿ ಮೂಗಿ, ಇದು ನನಗೆ ಹೇಳಿ ಮಾಡಿಸಿದ ಊರು ಎಂದುಕೊಂಡಿದ್ದಳು. ಯಾರೂ ಜೋರಾಗಿ ಮಾತಾಡು ಅನ್ನುವುದಿಲ್ಲ. ಯಾರೂ ಪಾಪ ಅನ್ನುವುದಿಲ್ಲ.

ಚಳಿ ಹೆಚ್ಚುವ ಹೊತ್ತಿಗೆ ಅವಳಿಗೆ ಬೇರೆಯೇ ಒಂದು ವಿಷಯ ಗೊತ್ತಾಯಿತು. ತಾನು ಮಾತು ಬೇಡದವಳಲ್ಲ. ಪಕ್ಕದಲ್ಲಿ ಒಬ್ಬಳು ಬಿಡುವಿಲ್ಲದೆ ಮಾತಾಡುತ್ತಿದ್ದಳು, ಅದಕ್ಕೆ ತಾನು ಸುಮ್ಮನಿರಲು ಸಾಧ್ಯವಾಗಿತ್ತು. ಈಗ ಆ ಸದ್ದು ಇರಲಿಲ್ಲ. ಸುಮ್ಮನಿರುವುದು ದಣಿವಾಗತೊಡಗಿತು. ವಿಭಾಗದಲ್ಲಿ ಕಿವಿ ಪರೀಕ್ಷೆಗೆಂದು ಸದ್ದು ನುಗ್ಗದ ಒಂದು ಸಣ್ಣ ಕೋಣೆ ಇತ್ತು, ದಪ್ಪ ಬಾಗಿಲಿನದು. ಪಾಠದ ಸಲುವಾಗಿ ಒಮ್ಮೆ ಅದರೊಳಗೆ ಕುಳಿತಾಗ ಕತ್ತಿನ ನರ ಬಡಿಯುವುದು ಕೇಳಿಸಿತು. ಉಳಿದ ವಿದ್ಯಾರ್ಥಿಗಳು ಆಹಾ ಎಂದರು. ಅವಳು ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ಒಬ್ಬಳೇ ನಡೆಯುವಾಗ ಅಜ್ಜಿಯ ಬೈಗುಳಗಳನ್ನು ಬಾಯೊಳಗೇ ಹೇಳಿಕೊಳ್ಳುವ ಚಟ ಹತ್ತಿತು. ಎಲ್ಲೋ ನೋಡ್ಕೊಂಡು ನಡೀತೀಯಲ್ಲೇ, ಕಣ್ಣೇನು ಹಣೆ ಮೇಲಿದ್ಯಾ? ದಾರಿಯಲ್ಲಿ ಎದುರಾದವರು ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

ಅಜ್ಜಿಯ ಬಳಿ ಒಂದು ಯಂತ್ರ ಇತ್ತು. ಒಳ್ಳೆಯದೇ. ಅದಕ್ಕೆ ಸಿಕ್ಕಿಸಿದ್ದ ರಬ್ಬರಿನ ತುಂಡು ಮಾತ್ರ ಅಂಗಡಿಯಲ್ಲಿ ಸಿಗುವ ಸಿದ್ಧ ಚಪ್ಪಲಿಯ ಹಾಗೆ, ಎಲ್ಲರಿಗೂ ಆಗುವಂಥದ್ದು, ಯಾರಿಗೂ ಸರಿಯಾಗದ್ದು. ಕಿರುಚುತ್ತದೆಂದು ಅಜ್ಜಿ ಅದನ್ನು ತೆಗೆದು ಸಾಸಿವೆ ಡಬ್ಬಿಯ ಪಕ್ಕ ಇಟ್ಟುಬಿಟ್ಟಿದ್ದಳು. ಆ ಯಂತ್ರಕ್ಕೆ ತಕ್ಕ ಅಚ್ಚು ಮಾಡಿ ಕಳಿಸಿದರೆ ಫೋನಿನಲ್ಲಿ ಮಾತಾಡಬಹುದು. ಪ್ರೊಫೆಸರನ್ನು ಕೇಳಿದಳು. "ಮಾಡು. ಅದನ್ನೇ ನಿನ್ನ ಕೊನೆಯ ಪ್ರಾಜೆಕ್ಟ್ ಅಂತ ತಗೋತೀನಿ" ಎಂದಳು ಅವಳು.

ಮೊದಲು ಕಿವಿಯ ಅಳತೆ ಬೇಕು. ಕಿವಿಯೊಳಗೆ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ, ಗಟ್ಟಿಯಾದ ಮೇಲೆ ಹೊರಗೆಳೆದರೆ ಕಿವಿಯ ಒಳಗಿನ ಆಕಾರ ಸಿಗುತ್ತದೆ. ಪೇಟೆಯಲ್ಲಿದ್ದ ಕಿವಿ ಕ್ಲಿನಿಕ್ಕಿಗೆ ಅಜ್ಜಿಯನ್ನು ಭಾವ ಕರೆದುಕೊಂಡು ಹೋದ. ಮೂಗಿ ವಿಡಿಯೋದಲ್ಲಿದ್ದಳು.

"ಡಾಕ್ಟ್ರೇ, ಅಪ್ಪಣೆಯಾಗಲಿ" ಎಂದ ಭಾವ. ಅವಳನ್ನು ಅವನು ಕರೆಯುತ್ತಿದ್ದುದು ಹಾಗೆ.

"ಎಡಗಿವಿ. ಅದರಲ್ಲೇ ಸ್ವಲ್ಪ ಉಳಿದಿರೋದು."

"ಸರಿ. ಇನ್ನೇನಾದ್ರೂ?"

ಅಷ್ಟರಲ್ಲಿ ಅಜ್ಜಿ ಕ್ಲಿನಿಕ್ಕಿನವನನ್ನು ಹಿಡಿದುಕೊಂಡಿದ್ದಳು. ಅವನ ಮದುವೆಯಾಗಿದೆಯೇ, ಹುಡುಗಿ ಏನು ಓದಿದ್ದಾಳೆ, ಮನೆ ಸ್ವಂತದ್ದೋ ಬಾಡಿಗೆಯೋ. ಅವನು ಸಿರಿಂಜು ಹಿಡಿದುಕೊಂಡು ನಿಂತೇ ಇದ್ದ.

"ಅಜ್ಜಿಗೆ ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೋಕೆ ಹೇಳಿ ಭಾವ" ಎಂದಳು ಮೂಗಿ.

"ಅದನ್ನ ಹೇಳೋಕೆ ನಮ್ಮನೇಲಿ ಮೂರು ತಲೆಮಾರು ಕಾದಿದ್ವಿ!" ಭಾವ ಅಜ್ಜಿಯ ಮುಂದೆ ಬಂದು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. "ಡಾಕ್ಟ್ರ ಆರ್ಡರು. ತುಟಿ ಪಿಟಕ್ ಅನ್ನಂಗಿಲ್ಲ."

ಮೊಮ್ಮಗಳ ಆಜ್ಞೆ ಎಂದು ತಿಳಿದದ್ದೇ ಅಜ್ಜಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟು ಕಲ್ಲಿನ ಹಾಗೆ ಕುಳಿತಳು. ಹಿಟ್ಟು ಗಟ್ಟಿಯಾಗುವವರೆಗೂ ಅಲುಗಲಿಲ್ಲ. ಭಾವ ಅದರ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ. ಮೂಗಿಯೂ ನಕ್ಕಳು.

ಅಳತೆ ಕೊರಿಯರಿನಲ್ಲಿ ಬಂತು. ಗುಲಾಬಿ ಬಣ್ಣದ, ಹೆಬ್ಬೆರಳ ಗಾತ್ರದ ತುಂಡು. ಅದನ್ನು ಕೈಯಲ್ಲಿಟ್ಟುಕೊಂಡು ಅವಳು ಬೆಂಚಿನ ಮುಂದೆ ಕೆಲಸ ಮಾಡದೆ ಬಹಳ ಹೊತ್ತು ಕುಳಿತಿದ್ದಳು. ಅಜ್ಜಿಯ ಕಿವಿಯೊಳಗಿನ ತಿರುವು, ಎರಡನೆಯ ಬಾಗಿನ ಬಳಿ ಒಂದು ಸಣ್ಣ ಗಂಟು. ಇಷ್ಟು ವರ್ಷ ಜೊತೆಗಿದ್ದೂ ನೋಡಿರದ ಜಾಗ. ಮನುಷ್ಯರನ್ನು ಬಿಟ್ಟು ಇಷ್ಟು ದೂರ ಬಂದ ಮೇಲೆ ಇಷ್ಟು ಹತ್ತಿರದಿಂದ ನೋಡುವುದು. ಇದಕ್ಕೇನು ಅರ್ಥ ಇದೆ ಎಂದು ಅವಳಿಗೆ ಅನ್ನಿಸಲಿಲ್ಲ. ಆದರೆ ತುಂಡನ್ನು ಕೆಳಗಿಡಲು ಮನಸ್ಸು ಬರಲಿಲ್ಲ.

ಆಮೇಲೆ ಕೆಲಸ. ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಕರಗಿದ ಮೇಣದಲ್ಲಿ ಒಮ್ಮೆ ಅದ್ದಿ ತೆಗೆದಳು. ಅದರ ಸುತ್ತ ಎರಕಕ್ಕೆಂದು ಕಲಸಿದ ಹಾಲಿನಂಥ ದ್ರಾವಣ ಸುರಿದು, ಹೆಪ್ಪಾದ ಮೇಲೆ ತುಂಡನ್ನು ಬಿಡಿಸಿ, ಉಳಿದ ಪೊಳ್ಳಿಗೆ ಸಿಲಿಕೋನು ತುಂಬಿದಳು. ಒತ್ತಡದ ಪಾತ್ರೆಯಲ್ಲಿ ಬೇಯಿಸಿದಳು. ಕೊಳವೆಗೆ ತೂತು ಕೊರೆಯುವಾಗ ಉಸಿರು ಬಿಗಿಹಿಡಿದಿದ್ದಳು. ಕೈ ಒಂದಿಷ್ಟು ಜಾರಿದರೆ ಎಲ್ಲ ಮೊದಲಿಂದ. ಅಂಚುಗಳನ್ನು ಉಜ್ಜಿ ಉಜ್ಜಿ ನಯ ಮಾಡಿದಳು.

ಪ್ರೊಫೆಸರು ಮೊದಲ ಅಳತೆಯನ್ನೂ ಮುಗಿದ ಅಚ್ಚನ್ನೂ ಅಕ್ಕಪಕ್ಕ ಇಟ್ಟು ದೀಪದ ಕೆಳಗೆ ತಿರುಗಿಸಿದಳು. "ಇಷ್ಟು ಅಲುಗಾಡದೆ ಕೂತವರನ್ನ ನಾನು ನೋಡೇ ಇಲ್ಲ" ಎಂದಳು. ಮೂಗಿ ಅದನ್ನು ಹೊಗಳಿಕೆ ಎಂದು ತಿಳಿದುಕೊಂಡಳು. ಅಂದೇ ಅಚ್ಚನ್ನು ಕಳಿಸಿದಳು.

ಅದು ಮನೆ ಮುಟ್ಟಿದ ದಿನ ಅಲ್ಲಿ ಮಧ್ಯಾಹ್ನ, ಇಲ್ಲಿ ಬೆಳಗ್ಗೆ. ಗಿರಣಿ ನಿಲ್ಲಿಸಿದ್ದರು. ಫೋನನ್ನು ಗೋಧಿ ಚೀಲಕ್ಕೆ ಒರಗಿಸಿಟ್ಟಿದ್ದರು. ಅಕ್ಕ ಅಚ್ಚಿಗೆ ಯಂತ್ರ ಸಿಕ್ಕಿಸಿ, ಅಜ್ಜಿಯ ಕಿವಿಗೆ ತಿರುಚಿ ತೂರಿಸಿದಳು. ಅಜ್ಜಿ ಏನೋ ಪೂಜೆಗೆ ಕುಳಿತವಳ ಹಾಗೆ ತುಟಿ ಬಿಗಿದುಕೊಂಡಿದ್ದಳು. ಕಿರುಚಾಟ ಇಲ್ಲ.

"ಅಜ್ಜೀ" ಎಂದಳು ಮೂಗಿ.

ಅಜ್ಜಿಯ ಹುಬ್ಬು ಮೇಲೇರಿತು. ಫೋನಿನ ಕಡೆಗಲ್ಲ, ಬಾಗಿಲ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಫೋನಿನ ಕಡೆ ತಿರುಗಿದಳು.

"ಅಜ್ಜೀ, ನಾನು."

"ಅಯ್ಯೋ ನನ್ನ ಕೂಸೇ, ಇಷ್ಟು ದಪ್ಪ ದನಿ ಯಾವಾಗ ಬಂತೇ ನಿಂಗೆ..."

ಕುಯ್ಯೋ ಎಂದು ಯಂತ್ರ ಕಿರುಚಿತು. ಅಜ್ಜಿ ಬೆಚ್ಚಿ ಬಾಯಿ ಮುಚ್ಚಿದಳು. ಕಿರುಚಾಟ ನಿಂತಿತು. "ಏನೇ ಇದು?" ಎಂದಳು. ಮತ್ತೆ ಕುಯ್ಯೋ.

"ಕುಕ್ಕರು ಎರಡು ಸೀಟಿ ಕೂಗ್ತು" ಎಂದ ಭಾವ. "ಇನ್ನೊಂದಾದ್ರೆ ಇಳಿಸ್ಬಹುದು."

"ನೀವೊಂದ್ಸಲ ಸುಮ್ನಿರ್ತೀರಾ?" ಎಂದಳು ಅಕ್ಕ.

ಮೂಗಿಗೆ ಅಷ್ಟು ಹೊತ್ತಿಗೆ ತಿಳಿದುಹೋಗಿತ್ತು. ಮಾತಾಡುವಾಗ ದವಡೆ ಅಲುಗುತ್ತದೆ. ದವಡೆ ಅಲುಗಿದರೆ ಕಿವಿಯ ದಾರಿ ಹಿಗ್ಗುತ್ತದೆ. ಅದಕ್ಕೇ ಅಳತೆ ತೆಗೆಯುವಾಗ ಎದುರಿನವರನ್ನು ಮಾತಾಡಿಸಬೇಕು, ಅಗಿಯಲು ಹೇಳಬೇಕು. ಅದು ಅವರ ಪಾಠದ ಮೊದಲನೆಯ ವಾರದ ವಿಷಯ. ಇಲ್ಲಿ ಬಂದವರಿಗೆಲ್ಲ ಅವಳೇ ಎಷ್ಟೋ ಸಲ ಪತ್ರಿಕೆ ಕೊಟ್ಟು ಗಟ್ಟಿಯಾಗಿ ಓದಿ ಎಂದಿದ್ದಳು. ಬೇರೆ ಯಾರದೇ ಕಿವಿಯಾಗಿದ್ದರೂ ಮರೆಯುತ್ತಿರಲಿಲ್ಲ. ಅಜ್ಜಿಯನ್ನು ಕಂಡರೆ ಮಾತ್ರ ಆ ಮನೆಯಲ್ಲಿ ಯಾರಿಗಾದರೂ ಮೊದಲು ಬಾಯಿಗೆ ಬರುವ ಮಾತು ಒಂದೇ. ಬಾಯಿ ಮುಚ್ಚು. ಅದೇ ಇವಳ ಬಾಯಿಗೂ ಬಂದಿತ್ತು. ಸುಮ್ಮನಿರುವ ಅಜ್ಜಿಗೆ ಅವಳು ಅಚ್ಚು ಮಾಡಿ ಕಳಿಸಿದ್ದಳು. ಅಂಥ ಅಜ್ಜಿ ಆ ಮನೆಯಲ್ಲಿ ಇರಲಿಲ್ಲ.

"ಅಜ್ಜಿ, ನೀನು ಮಾತಾಡಿದ್ರೆ ಅದು ಕೂಗುತ್ತೆ. ನನ್ನ ಮಾತು ಕೇಳಿಸ್ಬೇಕಾದ್ರೆ ಬಾಯಿ ಮುಚ್ಕೊಂಡಿರ್ಬೇಕು. ನಾನೇ ತಪ್ಪು ಮಾಡಿದ್ದು."

ಅಜ್ಜಿ ತಲೆಯಾಡಿಸಿದಳು. ಸೆರಗನ್ನು ಮಡಿಸಿ ಬಾಯಿಗೆ ಒತ್ತಿಕೊಂಡಳು. ಕಣ್ಣು ಫೋನಿನ ಮೇಲೆ.

ಈಗ ಮೂಗಿ ಮಾತಾಡಬೇಕಿತ್ತು. ವರ್ಷವಿಡೀ ಕೂಡಿಟ್ಟದ್ದೆಲ್ಲ ಎಲ್ಲಿ ಹೋಯಿತೋ. "ಊಟ ಆಯ್ತಾ?" ಎಂದಳು. ಅಜ್ಜಿ ತಲೆಯಾಡಿಸಿದಳು. "ಇಲ್ಲಿ ಚಳಿ." ತಲೆಯಾಡಿಸಿದಳು. "ನನ್ನ ಕೋಣೆಯಿಂದ ಎದುರು ಮನೆ ಮೆಟ್ಟಿಲು ಕಾಣುತ್ತೆ. ಒಬ್ಬ ಮುದುಕ ದಿನಾ ನಾಯಿ ಎತ್ಕೊಂಡು ಹತ್ತುತ್ತಾನೆ. ಆ ನಾಯಿಗೆ ನಡೆಯೋಕೆ ಬರುತ್ತೆ ಅಜ್ಜಿ, ಸೋಮಾರಿ ಅಷ್ಟೇ." ಅಜ್ಜಿಯ ಭುಜ ಅಲುಗಿತು, ಸೆರಗಿನ ಹಿಂದೆ ನಗುತ್ತಿದ್ದಳು. ಯಂತ್ರ ಸಣ್ಣಗೆ ಕುಂಯ್ ಎಂದಿತು. ಈಗ ಕೇಳದಿದ್ದರೆ ಮತ್ತೆ ಕೇಳಲಾರೆ ಎಂದು ಮೂಗಿಗೆ ಅನ್ನಿಸಿತು.

"ಅಜ್ಜಿ, ನಾನಿಲ್ಲಿ ಇನ್ನೊಂದು ವರ್ಷ ಇರಲಿ ಅಂದ್ಯಂತೆ. ಹೌದಾ?"

ಅಕ್ಕ ಚೀಲದ ಕಡೆ ಕೈ ಚಾಚಿದಳು. "ಲೇ, ಆ ವಿಷಯ ಈಗ್ಯಾಕೆ? ಚಾರ್ಜು ಬೇರೆ ಕಮ್ಮಿ ಇದೆ..."

ಅಜ್ಜಿ ಅವಳ ಕೈಯನ್ನು ತಳ್ಳಿದಳು. ಸೆರಗು ಬಾಯಿಂದ ಜಾರಿತು. ಅಕ್ಕನ ಮುಖ ನೋಡಿದಳು, ಭಾವನ ಮುಖ ನೋಡಿದಳು. ಆಮೇಲೆ ಎಡಗಿವಿಗೆ ಕೈ ಹಾಕಿ ಅಚ್ಚನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡಳು.

"ನಾನೆಲ್ಲಿ ಅಂದೆ? ನೀನೇ ಇರ್ತೀನಿ ಅಂದ್ಯಂತಲ್ಲ! ಅವಳಿಗೆ ಅಲ್ಲೇ ಚೆನ್ನಾಗಿದ್ಯಂತೆ, ಬರೋಕೆ ಮನಸ್ಸಿಲ್ವಂತೆ, ನೀನು ಅತ್ತು ಕರೆದು ಕಾಲಿಗೆ ತೊಡಕಾಗ್ಬೇಡ ಅಂದ್ಲು ಇವಳು."

"ನಾನು ಅಂದಿದ್ದು ನಿನ್ನ ಒಳ್ಳೇದಕ್ಕೇ" ಎಂದಳು ಅಕ್ಕ ಫೋನಿನ ಕಡೆ. "ನಿಮ್ಮಿಬ್ಬರನ್ನೂ ಬಿಟ್ರೆ ಇಬ್ಬರೂ ಅಳ್ತಾ ಕೂರ್ತೀರ. ಯಾರಾದ್ರೂ ಒಬ್ಬರು ತೀರ್ಮಾನ ಮಾಡ್ಬೇಕಲ್ಲ? ಗಿರಣಿಯಲ್ಲಿ ಹಿಟ್ಟು ಮೆತ್ಕೊಂಡು ಸಾಯೋದು ನಾನೊಬ್ಬಳೇ ಸಾಕು."

ಕೊನೆಯ ಮಾತು ಎಲ್ಲಿಂದಲೋ ಬಂದಿತ್ತು. ಭಾವ ತಮಾಷೆ ಮಾಡಲಿಲ್ಲ. ಅಕ್ಕ ಹೇಳಿದ್ದು ಸುಳ್ಳು, ಆದರೆ ಸುಳ್ಳಿನ ಒಳಗೆ ಕೆಟ್ಟದ್ದೇನೂ ಇರಲಿಲ್ಲ. ಬೈಯಲು ಅನುಕೂಲವಾಗುವ ಹಾಗೆ ಯಾರೂ ನಡೆದುಕೊಂಡಿರಲಿಲ್ಲ.

ಅಜ್ಜಿಗೆ ಅಕ್ಕನ ಮಾತು ಕೇಳಿಸಿರಲಿಲ್ಲ. ಅವಳು ತನ್ನ ಪಾಡಿಗೆ ಮುಂದುವರಿದಿದ್ದಳು.

"ಇರ್ತಾಳಂತೆ ಅಂದ್ಮೇಲೆ ನಿನ್ನ ಗೂಡೆಲ್ಲ ಖಾಲಿ ಮಾಡಿ ಜರಡಿ ಇಟ್ಟೆ. ಪುಸ್ತಕ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿಸ್ದೆ. ಸಿಟ್ಟಲ್ಲಿ ಮಾಡ್ದೆ, ಯಾಕೆ ಸುಳ್ಳು ಹೇಳ್ಲಿ. ನನ್ನನ್ನ ಒಂದು ಮಾತು ಕೇಳಿದ್ರೆ ನಾನೇನು ಬೇಡ ಅಂತಿದ್ನಾ? ಹೂಂ ಅಂತಿದ್ದೆ. ಬಾಯಲ್ಲಿ ಹೂಂ ಅಂತಿದ್ದೆ. ನೀನು ನನ್ನ ಮುಖ ನೋಡಿ ತಿಳ್ಕೋತಿದ್ದೆ, ಅದು ಬೇರೆ. ಇದ್ರಲ್ಲಿ ಮುಖ ಎಲ್ಲಿ ಕಾಣುತ್ತೆ, ಎಲ್ಲಾ ಚುಕ್ಕಿ ಚುಕ್ಕಿ. ಗಿರಣಿ ಕಲ್ಲು ಬೇರೆ ಸವೆದುಹೋಗಿದೆ, ಕೊರೆಸ್ಬೇಕು, ಕೊರೆಯೋನು ಮಗಳ ಮನೆಗೆ ಹೋಗಿ ಕೂತಿದ್ದಾನೆ. ಎಲ್ಲರೂ ಹೋಗಿ ಕೂತ್ಕೊಳ್ಳೋರೇ. ನಾನೊಬ್ಬಳೇ ಇಲ್ಲಿ ಕಾವಲುಗಾತಿ..."

ಇದು ಅಜ್ಜಿ. ಅಕ್ಕನ ಬಾಯಿಂದ ಸೋಸಿ ಬರದ, ಕಲ್ಲು ಮಣ್ಣು ಸಮೇತದ ಅಜ್ಜಿ. ಮೂಗಿ ಮಂಚದ ಅಂಚಿನಲ್ಲಿ ಕುಳಿತು ಕೇಳುತ್ತಿದ್ದಳು. ಪಕ್ಕದ ಕೋಣೆಯವಳು ಗೋಡೆ ತಟ್ಟಿದಳು, ಸದ್ದು ಕಡಿಮೆ ಮಾಡು ಎಂದು. ಅವಳು ಕಡಿಮೆ ಮಾಡಲಿಲ್ಲ.

ಇನ್ನೊಂದು ವರ್ಷ ಎಂದರೆ ಒಳ್ಳೆಯ ಪದವಿ, ಒಳ್ಳೆಯ ಕೆಲಸ. ಅದು ಅವಳಿಗೆ ಗೊತ್ತಿತ್ತು. ಬಿಟ್ಟು ಹೋದರೆ ಮುಂದೆ ಹೊಟ್ಟೆ ಉರಿಯುತ್ತದೆ ಎಂಬುದೂ ಗೊತ್ತಿತ್ತು. ಆದರೂ ಮನಸ್ಸಿನಲ್ಲಿ ತೂಗುವುದಕ್ಕೆ ಏನೂ ಉಳಿದಿರಲಿಲ್ಲ.

"ಅಜ್ಜಿ, ನಾನು ಬರ್ತೀನಿ" ಎಂದಳು.

ಅಜ್ಜಿಯ ಮಾತು ಗಿರಣಿ ಕಲ್ಲಿನಿಂದ ಹೊಸ ಬೆಲ್ಟಿಗೆ ಹೋಗಿತ್ತು. ಅಕ್ಕ ಕೇಳಿಸಿಕೊಂಡಳು.

"ಹುಚ್ಚಿ! ಏನಂದೆ?"

"ಬರ್ತೀನಿ ಅಂದೆ. ವರ್ಷ ಮುಗಿದ ಮೇಲೆ ಇರಲ್ಲ."

ಅಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅವಳ ಮುಖದಲ್ಲಿ ಸಿಟ್ಟಿತ್ತು. ಅದರ ಜೊತೆಗೆ, ಮುಚ್ಚಿಡಲಾಗದೆ, ಒಂದಿಷ್ಟು ನಿರಾಳವೂ ಇತ್ತು. "ತಡಿ, ಹೇಳ್ತೀನಿ ಇವಳಿಗೆ" ಎಂದು ಅಜ್ಜಿಯ ಭುಜ ಹಿಡಿಯಲು ಹೋದಳು.

"ಬೇಡ" ಎಂದಳು ಮೂಗಿ. ಅವಳ ದನಿ ಎಷ್ಟು ಜೋರಾಗಿ ಬಂತೆಂದರೆ ಭಾವ ಹಿಂದಕ್ಕೆ ಸರಿದ. "ನೀನು ಹೇಳ್ಬೇಡ ಅಕ್ಕ. ಯಾರೂ ಹೇಳ್ಬೇಡಿ. ಅವಳ ಮಾತು ಮುಗೀಲಿ. ಮುಗಿದ್ಮೇಲೆ ಅದನ್ನ ಕಿವಿಗೆ ಹಾಕ್ಕೋತಾಳಲ್ಲ, ಆಗ ನಾನೇ ಹೇಳ್ತೀನಿ."

"ಇವಳ ಮಾತು ಮುಗಿಯೋದಾ?" ಎಂದ ಭಾವ ಮೆಲ್ಲಗೆ. "ನೀನು ವಿಮಾನ ಇಳಿದು ಮನೆ ಸೇರ್ತೀಯ, ಆಗ್ಲೂ ಮುಗಿದಿರಲ್ಲ."

"ಕಾಯ್ತೀನಿ."

ಬೆಳಗಿನ ಪಾಠ ಶುರುವಾಗಿತ್ತು. ಎದುರಿನ ಮೆಟ್ಟಿಲುಗಳಲ್ಲಿ ಜನ ಇಳಿದು ಹೋಗಿ ಖಾಲಿಯಾಗಿತ್ತು. ಮೂಗಿ ಫೋನನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡಳು. ಅಜ್ಜಿ ಅಚ್ಚು ಹಿಡಿದ ಕೈಯನ್ನೇ ಆಡಿಸಿ ಆಡಿಸಿ, ಬೆಲ್ಟು ತಂದವನು ಹೇಗೆ ಮೋಸ ಮಾಡಿದನೆಂದು ಮೊದಲಿನಿಂದ ಹೇಳತೊಡಗಿದ್ದಳು.